ಗಾರ್ಮೆಂಟ್ಸ್ ಕೆಲಸಗಾರ್ತಿಯರಿಗೆ ಮೊಬೈಲಿನಲ್ಲಿ ಮನೋಬೆಂಬಲ: ಅಂಕ ಇಳಿದರೆ ಪರೀಕ್ಷೆ ಮುಗಿಯಿತೇ?

ಪ್ರಶ್ನೆ | ಸಮಾಜಕಾರ್ಯದ ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಮೈಸೂರು ರಸ್ತೆಯ ಆಸುಪಾಸಿನ ವಠಾರಗಳಲ್ಲಿ ಬಾಡಿಗೆಗಿರುವ ಗಾರ್ಮೆಂಟ್ಸ್ ಕೆಲಸಗಾರ್ತಿಯರಿಗಾಗಿ ನಮ್ಮ ಚಿಕ್ಕ ತಂಡ ಒಂದು ವ್ಯವಸ್ಥೆಯನ್ನು ರೂಪಿಸಿದೆ. ವಾರಕ್ಕೆ ಎರಡು ಬಾರಿ ವಾಟ್ಸಾಪ್‌ನಲ್ಲಿ ನಾಲ್ಕು ನಿಮಿಷದ ಕನ್ನಡ ಧ್ವನಿಸಂದೇಶ ಹೋಗುತ್ತದೆ. ಬೇಕೆಂದವರು ಆಪ್ತಸಮಾಲೋಚಕಿಯೊಬ್ಬರ ಜೊತೆ ಮಾತನಾಡಬಹುದು. ಮೊದಲ ದಿನ ಮತ್ತು ಎಂಟನೆಯ ವಾರದ ಕೊನೆಗೆ, ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿ, ಅಂಕ ಇಳಿದಿದ್ದರೆ ಪ್ರಯೋಜನವಾಯಿತೆಂದು ತೀರ್ಮಾನಿಸುವುದು ನಮ್ಮ ಯೋಜನೆಯಾಗಿತ್ತು. ಆದರೆ ಪೂರ್ವಪ್ರಯೋಗದಲ್ಲಿ ಎರಡನೆಯ ವಾರದ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮಂದಿ ಸಂದೇಶ ಕೇಳುವುದನ್ನು ನಿಲ್ಲಿಸಿದರು. ಕೊನೆಯವರೆಗೆ ಉಳಿದವರ ಅಂಕವೇನೋ ಇಳಿದಿದೆ. ಇದನ್ನು ಯಶಸ್ಸು ಎನ್ನಲು ನನಗೆ ಧೈರ್ಯ ಸಾಲುತ್ತಿಲ್ಲ. ಪರೀಕ್ಷೆಯನ್ನು ಹೇಗೆ ತಿದ್ದಿಕೊಳ್ಳಬೇಕು?

ಉತ್ತರ | ಆಪ್ತಸಮಾಲೋಚಕಿ, ಬೆಂಗಳೂರು

ಕೇಳುವುದನ್ನು ನಿಲ್ಲಿಸಿದವರ ಮನೆಗೆ ಹೋಗಿ ನೋಡಿದ್ದೀರಾ? ಇಂಥದ್ದೇ ಒಂದು ಕೆಲಸದಲ್ಲಿ ನಾನು ಹೋಗಿದ್ದೆ. ಹತ್ತಡಿಯ ಕೋಣೆ, ಐದು ಜನ, ಒಂದೇ ಫೋನು. ಅದೂ ಗಂಡನದು, ರಾತ್ರಿ ಹತ್ತರ ಮೇಲೆ ಇವಳ ಕೈಗೆ ಬರುವುದು. ಇಯರ್‌ಫೋನ್ ಹಾಕಿಕೊಂಡರೆ ‘ಯಾರ ಜೊತೆ ಮಾತು’ ಎಂಬ ಪ್ರಶ್ನೆ ಏಳುತ್ತದೆ, ಹಾಕಿಕೊಳ್ಳದಿದ್ದರೆ ‘ನಿಮ್ಮ ಮನಸ್ಸಿನ ಭಾರ ಹೇಳಿಕೊಳ್ಳಿ’ ಎಂಬ ನಮ್ಮ ಸಂದೇಶ ಅತ್ತೆಗೂ ಕೇಳಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ. 54ರಷ್ಟು ಮಾತ್ರ. ಸಂದೇಶ ತಲುಪಿತೆಂದು ತೋರಿಸುವ ಎರಡು ಗೆರೆಗಳನ್ನು ನಂಬಿ ನಾವೂ ಒಮ್ಮೆ ಮೋಸಹೋದೆವು. ಅಷ್ಟನ್ನೂ ತೆರೆದು ಕೇಳಿದ್ದು ಆ ಮನೆಯ ಮಗ.

ಇನ್ನು ಪ್ರಶ್ನಾವಳಿಯ ಮಾತು. ‘ಖಿನ್ನತೆ’ ಎಂಬ ಪದ ವಠಾರದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ‘ಟೆನ್ಷನ್’, ‘ಬೇಜಾರು’, ‘ತಲೆ ಓಡ್ತಾ ಇಲ್ಲ’, ‘ಎದೆ ಭಾರ’ ಎನ್ನುತ್ತಾರೆ. ನಿದ್ದೆ, ಸುಸ್ತು, ಊಟ ಸೇರದಿರುವಿಕೆಯನ್ನು ಕುರಿತ ಪ್ರಶ್ನೆಗಳಿಗಂತೂ ಸೋಲುವವರು ನಾವೇ. ನಸುಕಿನ ನಾಲ್ಕಕ್ಕೆ ನಲ್ಲಿಯ ಮುಂದೆ ಕೊಡ ಇಟ್ಟು, ಅಡುಗೆ ಮುಗಿಸಿ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್‌ಗೆ ದಿನವಿಡೀ ಹೊಲಿಯುವವಳು ‘ಹೆಚ್ಚುಕಡಿಮೆ ಪ್ರತಿದಿನ ಸುಸ್ತು’ ಎಂದರೆ, ಅದು ಕಾಯಿಲೆಯೋ ನೀರಿನ ಸರದಿಯೋ ಎಂದು ಅಂಕಪಟ್ಟಿ ಹೇಳುವುದಿಲ್ಲ. ಬೆಂಚಿನ ಮೇಲೆ ಕುಳಿತು ಆಪ್ತಸಮಾಲೋಚನೆ ನಡೆಸುವ ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’ ತಂಡದವರು ಶೋನಾ ಭಾಷಿಕರು ಬಳಸುವ ‘ಕುಫುಂಗಿಸಿಸ’, ಅಂದರೆ ಅತಿಯಾಗಿ ಯೋಚಿಸುವುದು, ಎಂಬ ಮಾತನ್ನು ಹಿಡಿದು ಕೆಲಸ ಆರಂಭಿಸಿದರು. ಅಲ್ಲಿನ ರಾಜಧಾನಿ ಹರಾರೆಯ 24 ಆರೋಗ್ಯ ಕೇಂದ್ರಗಳಲ್ಲಿ 573 ಜನರೊಡನೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮುಖ್ಯ ಅಳತೆಯಾಗಿ ಶೋನಾ ಪ್ರಶ್ನಾವಳಿಯನ್ನೇ ಬಳಸಿದರು. ನೀವು ಪಿಎಚ್‌ಕ್ಯೂ-9 ಬಿಡಬೇಕಾಗಿಲ್ಲ. ಅದರ ಜೊತೆಗೆ, ವಠಾರದ ಹೆಂಗಸರೇ ಹೇಳಿದ ನಾಲ್ಕೈದು ಮಾತುಗಳನ್ನು ಅಳತೆಗೆ ಸೇರಿಸಿಕೊಳ್ಳಿ.

ಉತ್ತರ | ಸಂಖ್ಯಾಶಾಸ್ತ್ರ ಬೋಧಕ, ಧಾರವಾಡ

ಪಿಎಚ್‌ಕ್ಯೂ-9 ಹಿಂದಿನ ಎರಡು ವಾರಗಳ ಸ್ಥಿತಿಯನ್ನಷ್ಟೇ ಕೇಳುತ್ತದೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಅಂಕ 10 ದಾಟಿದವರನ್ನು ಆರಿಸಿಕೊಂಡರೆ, ಅವರಲ್ಲಿ ಕೆಲವರು ತಮ್ಮ ಅತ್ಯಂತ ಕೆಟ್ಟ ಎರಡು ವಾರಗಳಲ್ಲಿ ನಿಮಗೆ ಸಿಕ್ಕಿರುತ್ತಾರೆ. ನೀವು ಏನೂ ಮಾಡದಿದ್ದರೂ ಎಂಟು ವಾರಗಳಲ್ಲಿ ಅವರ ಅಂಕ ಒಂದಿಷ್ಟು ಇಳಿದೇ ಇಳಿಯುತ್ತದೆ. ಮೊದಲ ಅಳತೆಯನ್ನು ತಿಂಗಳ ಕೊನೆಯಲ್ಲಿ, ಎರಡನೆಯದನ್ನು ಸಂಬಳವಾದ ಮರುದಿನ ತೆಗೆದುಕೊಂಡರೆ ಕೇಳುವುದೇ ಬೇಡ. ಆದ್ದರಿಂದ ಹೋಲಿಕೆಯ ಗುಂಪು ಬೇಕು. ಆ ಗುಂಪನ್ನು ಬರಿಗೈಯಲ್ಲಿ ಕಾಯಿಸಿದರೆ ನಿಮ್ಮ ಸಂದೇಶದ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರಿಗೂ ಅಷ್ಟೇ ಬಾರಿ, ಅಷ್ಟೇ ಉದ್ದದ, ರಕ್ತಹೀನತೆಯನ್ನೋ ಪಿಎಫ್ ಹಣವನ್ನೋ ಕುರಿತ ಧ್ವನಿಸಂದೇಶ ಕಳುಹಿಸಿ. ಆಗ ಸಿಗುವ ವ್ಯತ್ಯಾಸ ಚಿಕ್ಕದಾದರೂ ನಂಬಬಹುದಾದದ್ದು.

ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತುವುದು ವ್ಯಕ್ತಿಗಳ ಹೆಸರಿನಲ್ಲಿ ಬೇಡ, ವಠಾರಗಳ ಹೆಸರಿನಲ್ಲಿರಲಿ. ಒಂದೇ ನಲ್ಲಿಗೆ ಬರುವ ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಸಂದೇಶ ಬಂದರೆ ಸಂಜೆಯೊಳಗೆ ಇಬ್ಬರೂ ಕೇಳಿರುತ್ತಾರೆ. ಹೀಗೆ ಮಾಡಿದರೆ ಒಂದೇ ವಠಾರದವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ಜನರ ಸಂಖ್ಯೆ ಹೆಚ್ಚಬೇಕಾಗುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ. ಮತ್ತು ಕೇಳುವುದನ್ನು ನಿಲ್ಲಿಸಿದವರನ್ನೂ ಅವರವರ ಗುಂಪಿನಲ್ಲೇ ಇಟ್ಟು ಲೆಕ್ಕ ಹಾಕಿ. ನಿಮ್ಮ ಪೂರ್ವಪ್ರಯೋಗದಲ್ಲಿ ಉಳಿದವರು ಸ್ವಂತ ಫೋನು ಇದ್ದವರೇ ಆಗಿದ್ದರೆ, ನೀವು ಅಳೆದದ್ದು ಸಂದೇಶದ ಗುಣವನ್ನಲ್ಲ. ಮೊದಲ ಹೆಸರು ಸೇರಿಸುವ ಮುನ್ನವೇ, ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿ ಮಾಡಿ, ಯಾವ ಅಳತೆ ಮುಖ್ಯವೆಂದು ಬರೆದಿಡಿ. ಕೊನೆಯಲ್ಲಿ ಅನುಕೂಲಕ್ಕೆ ತಕ್ಕ ಅಳತೆ ಹುಡುಕುವ ಆಸೆ ಎಂಥವರಿಗೂ ಬರುತ್ತದೆ, ನನಗೂ ಬಂದಿದೆ.

ಉತ್ತರ | ಹೊಲಿಗೆ ಕೆಲಸಗಾರ್ತಿ, ಬೆಂಗಳೂರು

ನಾನು ಇಂಥದ್ದೊಂದು ಸಮೀಕ್ಷೆಯಲ್ಲಿ ಉತ್ತರ ಕೊಟ್ಟವಳು. ಯಾರ ಸಮೀಕ್ಷೆಯೆಂದು ಹೇಳುವುದಿಲ್ಲ. ಫಾರ್ಮಿಗೆ ಸಹಿ ಹಾಕಿಸಿದ್ದು ಕಾರ್ಖಾನೆಯ ಎಚ್‌ಆರ್ ಕೋಣೆಯಲ್ಲಿ, ಸೂಪರ್‌ವೈಸರ್ ಎದುರಿಗೇ. ಒಲ್ಲೆ ಎನ್ನುವ ಸ್ವಾತಂತ್ರ್ಯ ಕಾಗದದ ಮೇಲಿತ್ತು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳುತ್ತದೆ. ಆ ತಿಂಗಳು ನನಗೆ ಬರುತ್ತಿತ್ತು, ‘ಹಲವು ದಿನ’ ಎಂದು ಒತ್ತಿದೆ. ಪರದೆಯ ಮೇಲೆ ‘ಧನ್ಯವಾದಗಳು’ ಎಂದು ಬಂತು. ನನಗೆ ಫೋನು ಬಂದದ್ದು ಹನ್ನೊಂದು ದಿನಗಳ ನಂತರ, ಅದೂ ಎರಡನೆಯ ಸುತ್ತಿನ ಪ್ರಶ್ನೆಗಳಿಗಾಗಿ. ಆ ಹನ್ನೊಂದು ದಿನ ನನ್ನನ್ನು ನೋಡಿಕೊಂಡವಳು ಪಕ್ಕದ ಮಿಷಿನ್ನಿನವಳು.

ಆದ್ದರಿಂದ ಕೇಳುತ್ತೇನೆ: ಆ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದ ದಿನವೇ ಕರೆ ಮಾಡುವವರು ನಿಮ್ಮಲ್ಲಿ ಯಾರು? ಭಾನುವಾರ ಬಂದರೆ ಯಾರು? ನಮ್ಮಲ್ಲಿ ಹೆಚ್ಚಿನವರು ಪ್ರಶ್ನೆ ತುಂಬುವುದು ಭಾನುವಾರವೇ.

ಉತ್ತರ | ಆಪ್ತಸಮಾಲೋಚಕಿ, ಬೆಂಗಳೂರು

ಮೇಲಿನ ಬರಹ ಓದಿದ ಮೇಲೆ ಇದೊಂದನ್ನು ಸೇರಿಸಲೇಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಟೆಲಿ ಮಾನಸ್ ಸಹಾಯವಾಣಿ, 14416, ಉಚಿತ. ಹಗಲುರಾತ್ರಿ ದೊರೆಯುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಅದರ ಸಂಖ್ಯೆ ಪ್ರತಿ ಸಂದೇಶದ ಕೊನೆಯಲ್ಲಿರಲಿ, ಆದರೆ ಸಂಖ್ಯೆ ಕೊಟ್ಟೆವೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಪ್ರಶ್ನೆ ಕೇಳಿದವರು ನೀವು. ಮೊದಲ ಕರೆ ನಿಮ್ಮ ಕಡೆಯಿಂದಲೇ ಹೋಗಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರ ಉತ್ತರಗಳನ್ನೂ ತಂಡದ ಮುಂದಿಟ್ಟೆ. ಆರಂಭವನ್ನು ದಸರಾ ಕಳೆದ ಮೇಲಕ್ಕೆ ಮುಂದೂಡಿದ್ದೇವೆ. ಒಪ್ಪಿಗೆಯನ್ನು ಕಾರ್ಖಾನೆಯಲ್ಲಿ ಪಡೆಯುವುದಿಲ್ಲ, ಸೇರಿದವರ ಹೆಸರನ್ನು ಅಲ್ಲಿಗೆ ತಿಳಿಸುವುದೂ ಇಲ್ಲ. ಧ್ವನಿಸಂದೇಶವನ್ನು ನಾವೇ ಕಳುಹಿಸುವ ಬದಲು, ಅವರು ಮಿಸ್ಡ್ ಕಾಲ್ ಕೊಟ್ಟಾಗ ತಿರುಗಿ ಕರೆ ಹೋಗಿ ಸಂದೇಶ ಕೇಳಿಸುವಂತೆ ಬದಲಿಸುತ್ತಿದ್ದೇವೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ, ಗೆಳತಿಯ ಫೋನಿನಲ್ಲಾದರೂ ಕೇಳಬಹುದು. ಎಷ್ಟು ಮಂದಿ ಒಬ್ಬರೇ ಇದ್ದಾಗ ಕೇಳಲು ಸಾಧ್ಯವಾಯಿತೆಂಬುದನ್ನು ಅಂಕದಷ್ಟೇ ಮುಖ್ಯ ಅಳತೆಯಾಗಿ ನೋಂದಣಿಯಲ್ಲಿ ಬರೆಯುತ್ತಿದ್ದೇವೆ. ಒಂಬತ್ತನೆಯ ಪ್ರಶ್ನೆಗೆ ಸೋಮವಾರದಿಂದ ಶನಿವಾರದವರೆಗೆ ಕರೆ ಮಾಡಲು ಇಬ್ಬರು ಸಿಕ್ಕಿದ್ದಾರೆ. ಭಾನುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಸಿಗುವವರೆಗೆ ಪ್ರಶ್ನಾವಳಿಯನ್ನು ತೆರೆಯುವುದಿಲ್ಲ.