ಪದಚರ್ಚೆ: ಪೊರೆಯಲ್ಲಿರುವ ಪ್ರೊಟೀನಿಗೆ ‘ಕೋಡಿ’ ಅನ್ನಬಹುದೇ?

ಗೆಳೆಯರೆ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ಪಿಯುಸಿ ಮಕ್ಕಳಿಗೆ ಅಂತ ಬ್ಯಾಕ್ಟೀರಿಯಾ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಗೊತ್ತು, ಪದ ಸಿಗುತ್ತಿಲ್ಲ. ಪದ ಕೇಳುವ ಮುಂಚೆ ವಿಷಯ ಹೇಳಿಬಿಡುತ್ತೇನೆ. ಕಾಲಿನ ಅಳತೆ ಕೊಡದೆ ಚಪ್ಪಲಿ ಕೇಳಿದ ಹಾಗಾಗಬಾರದು ನೋಡಿ.

ನಮ್ಮ ಕರುಳಿನಲ್ಲಿ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಇದೆ. ಉದ್ದ ಸುಮಾರು 2 ಮೈಕ್ರೊಮೀಟರ್. 500 ಒಂದರ ಹಿಂದೊಂದು ನಿಂತರೆ ಒಂದು ಮಿಲಿಮೀಟರ್ ಆಗಬಹುದು. ಅದಿರುವ ಜಾಗದಲ್ಲಿ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಹೊರಗೆ ಹೋಗುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ಬೆಳಗಾಗುವುದರಲ್ಲಿ ನೀರು ಬಿಟ್ಟುಕೊಂಡು ಭರಣಿಯಲ್ಲಿ ಮುದುಡಿ ಕೂತಿರುತ್ತದಲ್ಲ, ಹಾಗೆ. ಹಾಗಾಗದಿರಲಿ ಅಂತ ಬ್ಯಾಕ್ಟೀರಿಯಾ ಪೊಟ್ಯಾಸಿಯಂ, ಗ್ಲುಟಮೇಟ್, ಬೀಟೈನ್, ಟ್ರೆಹಲೋಸ್ ಅನ್ನುವ ಸಕ್ಕರೆ, ಇವನ್ನೆಲ್ಲ ಒಳಗೆ ತುಂಬಿಕೊಳ್ಳುತ್ತದೆ. ಹೊರಗೆ ಎಷ್ಟು ಗಟ್ಟಿಯೋ ಒಳಗೂ ಅಷ್ಟು ಗಟ್ಟಿ. ಆಗ ನೀರು ಒಳಗೇ ನಿಲ್ಲುತ್ತದೆ.

ಈಗ ಅದೇ ಬ್ಯಾಕ್ಟೀರಿಯಾ ಹೊರಗೆ ಬಿತ್ತು ಅಂದುಕೊಳ್ಳಿ. ಮಳೆ ಹುಯ್ಯಿತು. ಸುತ್ತ ಬರೀ ಸಿಹಿನೀರು. ಒಳಗೆ ತುಂಬಿಕೊಂಡಿದ್ದೇ ಈಗ ಮುಳುವಾಯಿತು, ಏಕೆಂದರೆ ನೀರು ಒಳಕ್ಕೆ ನುಗ್ಗುತ್ತದೆ. ಅದರ ಮೈ ಸುತ್ತಿರುವ ತೆಳುವಾದ ಪೊರೆ ಉಬ್ಬಿ ಬಿಗಿಯುತ್ತದೆ. ಇನ್ನೊಂದು ಗಳಿಗೆ ಹೀಗೇ ಬಿಟ್ಟರೆ ಪಟಾರನೆ ಒಡೆಯಬೇಕು. ಆದರೆ ಒಡೆಯುವುದಿಲ್ಲ. ಪೊರೆಯಲ್ಲಿ ಕೂತಿರುವ ಎರಡು ಬಗೆಯ ಪ್ರೊಟೀನು ಬಾಯಿ ತೆರೆದು ಒಳಗಿನ ಸರಕನ್ನು ಹೊರಗೆ ಚೆಲ್ಲುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ನಡೆದುಹೋಗುತ್ತದೆ. ಬಿಗಿತ ಇಳಿದ ಮೇಲೆ ಮತ್ತೆ ಬಾಯಿ ಮುಚ್ಚುತ್ತವೆ. ಚಿಕ್ಕದಕ್ಕೆ ಎಂಎಸ್‌ಸಿಎಸ್, ದೊಡ್ಡದಕ್ಕೆ ಎಂಎಸ್‌ಸಿಎಲ್ ಅಂತ ಹೆಸರು. (ಎಮ್ಮೆಸ್ಸಿ ಡಿಗ್ರಿಗೂ ಇದಕ್ಕೂ ಸಂಬಂಧ ಇಲ್ಲ!) ಮೊದಲು ಚಿಕ್ಕದು ತೆರೆಯುತ್ತದೆ. ಅದರ ಕೈಲಿ ಆಗದಿದ್ದರೆ, ಪೊರೆ ಇನ್ನೇನು ಹರಿಯಬೇಕು ಅನ್ನುವಾಗ, ದೊಡ್ಡದು ತೆರೆಯುತ್ತದೆ. ಕುಕ್ಕರಿನ ವಿಷಲ್ಲು ಮತ್ತು ಸೇಫ್ಟಿ ವಾಲ್ವ್ ಇದ್ದ ಹಾಗೆ. ಆದರೆ ಕುಕ್ಕರಿನ ವಾಲ್ವ್ ಒಮ್ಮೆ ಕರಗಿದರೆ ಅಂಗಡಿಗೆ ಹೋಗಬೇಕು, ಇದಕ್ಕೆ ಆ ಕಷ್ಟ ಇಲ್ಲ.

ಇದನ್ನು ಕಂಡುಹಿಡಿದ ಕತೆಯೂ ಚೆನ್ನಾಗಿದೆ. ಅಮೆರಿಕದ ಮ್ಯಾಡಿಸನ್ನಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಿಂಗ್ ಕುಂಗ್ ಅವರ ಪ್ರಯೋಗಾಲಯ. ಬ್ಯಾಕ್ಟೀರಿಯಾವನ್ನು ಹೇಗೋ ದೊಡ್ಡ ಗುಂಡಾಗಿ ಬೆಳೆಸಿ, ಅದರ ಪೊರೆಗೆ ಗಾಜಿನ ಸಣ್ಣ ಕೊಳವೆ ಒತ್ತಿಟ್ಟು, ಹೀರಿ ನೋಡಿದರು. ಹೀರಿದಾಗ ವಿದ್ಯುತ್ತು ಹರಿಯಿತು, ಬಿಟ್ಟಾಗ ನಿಂತಿತು. ಇದು 1987ರ ಮಾತು. 1994ರಲ್ಲಿ ದೊಡ್ಡದರ ಪ್ರೊಟೀನನ್ನೂ ಅದರ ಜೀನನ್ನೂ ಹಿಡಿದರು. ಬರೀ 136 ಅಮೈನೋ ಆಮ್ಲದ ತುಂಡು. ಅಂಥವು ಐದು ಕೈ ಕೈ ಹಿಡಿದು ನಿಂತರೆ ನಡುವೆ ದಾರಿ. ಪೂರ್ತಿ ತೆರೆದಾಗ ಆ ದಾರಿ ಸುಮಾರು 3 ನ್ಯಾನೊಮೀಟರ್ ಅಗಲ. ಈ ಲೆಕ್ಕದಲ್ಲಿ ಅದು ಹೆಬ್ಬಾಗಿಲೇ. 1999ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಇಯಾನ್ ಬೂತ್ ಅವರ ತಂಡ ಇನ್ನೊಂದು ಕೆಲಸ ಮಾಡಿತು. ಎರಡೂ ಪ್ರೊಟೀನನ್ನು ತೆಗೆದುಹಾಕಿ, ಉಪ್ಪಿನಿಂದ ಸಿಹಿನೀರಿಗೆ ಬ್ಯಾಕ್ಟೀರಿಯಾವನ್ನು ಹಾಕಿದರು. ಹೆಚ್ಚಿನವು ಸತ್ತವು. ಎರಡರಲ್ಲಿ ಒಂದು ಇದ್ದರೂ ಬದುಕಿಕೊಂಡವು.

ಇನ್ನು ಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಇದಕ್ಕೆ ಚಾನಲ್ ಅಂತಾರೆ. ನಮ್ಮ ಪುಸ್ತಕಗಳಲ್ಲಿ ನಾಳ ಅಥವಾ ವಾಹಿನಿ ಅಂತ ಮಾಡಿರುತ್ತಾರೆ. ವಾಹಿನಿ ಅಂದರೆ ಈಗಿನ ಮಕ್ಕಳಿಗೆ ಟೀವಿ. ‘ಪೊರೆಯಲ್ಲಿ ವಾಹಿನಿಗಳಿವೆ’ ಅಂದರೆ ಧಾರಾವಾಹಿ ಎಷ್ಟು ಗಂಟೆಗೆ ಅಂತ ಕೇಳ್ತಾರೆ. ನಾಳ ಅಂದರೆ ಅನ್ನನಾಳ, ರಕ್ತನಾಳ, ಉದ್ದ ಪೈಪು. ಪೊರೆಯ ದಪ್ಪವೇ 4-5 ನ್ಯಾನೊಮೀಟರ್, ಅದರಲ್ಲಿ ಎಲ್ಲಿಯ ಪೈಪು? ಮೇಲಾಗಿ ನಾಳ ಅನ್ನುವುದರಲ್ಲಿ ತೆರೆಯುವ ಮುಚ್ಚುವ ಸುಳಿವೇ ಇಲ್ಲ.

ನನಗೆ ಹೊಳೆದಿದ್ದು ಕೆರೆ. ನಮ್ಮ ಸೋದರಮಾವ ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿ ಆಗಿದ್ದರು. ಗದ್ದೆಗೆ ನೀರು ಬೇಕಾದಾಗ ಅವರು ಹೋಗಿ ತೂಬು ಎತ್ತಬೇಕು. ಎರಡು ಕಲ್ಲುಕಂಬದ ನಡುವೆ ಒಂದು ಗಳ, ಗಳದ ತುದಿಗೆ ಬಿರಡೆ. ಬಿರಡೆ ಕಚ್ಚಿಕೊಂಡರೆ ನೀರಿಗಿಳಿದು ಕಾಲಲ್ಲಿ ತಡಕಿ ಅಲ್ಲಾಡಿಸುತ್ತಿದ್ದರು. ದಡದಲ್ಲಿ ನಿಂತು ನೋಡುತ್ತಿದ್ದ ನಮಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ತೂಬಿಗೆ ಯಾರೋ ಒಬ್ಬರು ಕೈ ಹಾಕಬೇಕು. ಕೋಡಿಗೆ ಯಾರೂ ಬೇಡ. ಕೆರೆ ತುಂಬಿತು, ಕೋಡಿ ಬಿತ್ತು, ಅಷ್ಟೇ. ಕೋಡಿ ಇಲ್ಲದಿದ್ದರೆ ಏರಿಗೆ ಗಂಡಿ ಬೀಳುತ್ತದೆ, ಕೆರೆಯೇ ಹೋಗುತ್ತದೆ.

ಬ್ಯಾಕ್ಟೀರಿಯಾದ ಕತೆ ಇದೇ ಅಲ್ವಾ? ಹಾಗಾಗಿ ನನ್ನ ಸಲಹೆ: ಎಲ್ಲ ಚಾನಲ್ಲಿಗೂ ಒಂದೇ ಪದ ಬೇಡ. ಕೆಲಸ ನೋಡಿ ಹೆಸರಿಡೋಣ. ಬಿಗಿತ ಮಿತಿಮೀರಿದಾಗ ತಾನಾಗಿ ತೆರೆಯುವುದು ಕೋಡಿ. ಏನಾದರೂ ಸನ್ನೆ ಸಿಕ್ಕಾಗ, ಬೇಕಾದ್ದನ್ನು ಮಾತ್ರ ಬಿಡುವುದು ತೂಬು. ಮಣ್ಣಿನ ಬ್ಯಾಕ್ಟೀರಿಯಾ ಒಂದರಲ್ಲಿ ಕೆಸಿಎಸ್‌ಎ ಅಂತ ಇದೆ. ಆಮ್ಲದ ಸನ್ನೆಗೆ ತೆರೆದು ಪೊಟ್ಯಾಸಿಯಂ ಮಾತ್ರ ಬಿಡುತ್ತದೆ. 1998ರಲ್ಲಿ ಅದರ ಆಕಾರ ತೋರಿಸಿಕೊಟ್ಟ ರಾಡರಿಕ್ ಮ್ಯಾಕಿನನ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇನ್ನು ಇ. ಕೋಲೈಯ ಹೊರಪೊರೆಯಲ್ಲಿ, ಅಂದರೆ ಈವರೆಗೆ ಹೇಳಿದ ಪೊರೆಯ ಹೊರಗಿರುವ ಇನ್ನೊಂದು ಪೊರೆಯಲ್ಲಿ, ಇರುವ ಪೋರಿನ್‌ಗಳಿಗೆ ಕಿಂಡಿ. ಅವು ತೆರೆದೇ ಇರುತ್ತವೆ. ಸುಮಾರು 600 ಡಾಲ್ಟನ್‌ವರೆಗಿನ ಕಣ ನುಸುಳಬಹುದು (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ), ಮೇಲಿನದು ಆಗುವುದಿಲ್ಲ. ಗ್ಲೂಕೋಸ್ 180, ಸಲೀಸಾಗಿ ಹೋಗುತ್ತದೆ. ವ್ಯಾಂಕೋಮೈಸಿನ್ ಅನ್ನುವ ಔಷಧ 1450ರ ಹತ್ತಿರ, ಹೊರಗೇ ನಿಲ್ಲಬೇಕು. ಆ ಔಷಧಕ್ಕೆ ಇ. ಕೋಲೈ ಬಗ್ಗದಿರುವುದು ಇದರಿಂದಲೇ. ಉಡುಪಿಯ ಕನಕನ ಕಿಂಡಿಯಲ್ಲಿ ನೋಟ ಒಳಗೆ ಹೋಗುತ್ತದೆ, ಆಳು ಹೋಗುವುದಿಲ್ಲ. ಇದಕ್ಕಿಂತ ಒಳ್ಳೆ ಪದ ನನಗಂತೂ ಕಾಣೆ.

ಒಳಗೆ ಬಂದ ಪಿತ್ತದ ಲವಣ, ಆಂಟಿಬಯಾಟಿಕ್ ಇವನ್ನು ಎತ್ತಿ ಹೊರಗೆ ಹಾಕುವ ಎಸಿಆರ್‌ಬಿ ತರದ ಪ್ರೊಟೀನುಗಳಿಗೆ ಏತ ಅನ್ನೋಣ ಅಂತ ಒಬ್ಬ ಸ್ನೇಹಿತರು ಹೇಳಿದರು. ಬೇಡ. ಏತ ನೋಡಿದ ಮಕ್ಕಳು ಯಾರಿದ್ದಾರೆ? ಪಂಪು ಅನ್ನುವುದು ಕನ್ನಡವೇ ಆಗಿದೆ.

ಈಗ ನನ್ನ ತಕರಾರುಗಳು. ಮೊದಲನೆಯದು, ಕೋಡಿಯ ಅರ್ಥ. ಹಳೇ ಮೈಸೂರಿನಲ್ಲಿ ಕೋಡಿ ಬೀಳುವುದು ಹಬ್ಬ, ಬಾಗಿನ ಕೊಡುತ್ತಾರೆ. ಬ್ಯಾಕ್ಟೀರಿಯಾಕ್ಕೆ ಅದು ಪ್ರಾಣಸಂಕಟ. ಕರಾವಳಿಯಲ್ಲಿ ಕೋಡಿ ಅಂದರೆ ಬೇರೇನೋ, ಕೋಡಿ ಬೆಂಗ್ರೆ ಇದೆಯಲ್ಲ. ಪೇಪರಿನವರಿಗಂತೂ ಕಣ್ಣೀರಿನ ಕೋಡಿ, ರಕ್ತದ ಕೋಡಿ.

ಎರಡನೆಯದು, ಪದ ಕೂಡಿಸುವುದು. ಪೊರೆ ಜೊತೆ ಕೋಡಿ ಸೇರಿಸಿದರೆ, ಮಳೆಗಾಲದ ಹಾಗೆ, ಪೊರೆಗೋಡಿ ಆಗುತ್ತದೆ. ಕೇಳಲು ಚೆಂದ. ಆದರೆ ಯಾರಾದರೂ ಅದನ್ನು ಪೊರೆಗೋಡೆ ಅಂತ ಓದಿಬಿಟ್ಟರೆ? ಬ್ಯಾಕ್ಟೀರಿಯಾಕ್ಕೆ ನಿಜವಾಗಿಯೂ ಗೋಡೆ ಬೇರೆ ಇದೆ. ದೊಡ್ಡ ಕೋಡಿ, ಚಿಕ್ಕ ಕೋಡಿ ಅನ್ನೋಣ ಅಂದರೆ, ಬೇಗ ಹೇಳಿದಾಗ ಎರಡನೆಯದು ಬೆಳಗಾವಿ ಜಿಲ್ಲೆಯ ಊರಾಗುತ್ತದೆ.

ಮೂರನೆಯದು ಪೊರೆಯದೇ ತಮಾಷೆ. ಕರಡಿನಲ್ಲಿ ‘ಪೊರೆಯ ಪ್ರೊಟೀನು’ ಅಂತ ಬರೆದಿದ್ದೆ. ತಿದ್ದಿದವರು ‘ಪೊರೆವ ಪ್ರೊಟೀನು’ ಮಾಡಿ ಕಳಿಸಿದರು, ಅಂದರೆ ಕಾಪಾಡುವ ಪ್ರೊಟೀನು. ತಪ್ಪು ಅಂತ ಹೇಳಲು ಮನಸ್ಸೇ ಬರಲಿಲ್ಲ! ಹಾಲು ಹಿಂದೆ ಪಾಲು, ಹುಲಿ ಹಿಂದೆ ಪುಲಿ. ಕಾಪಾಡು ಅನ್ನುವ ಪೊರೆಯೂ ಹಾಗೇ ಹೊರೆಯಾಗಿ ‘ಹೊಟ್ಟೆ ಹೊರೆಯುವುದು’ ಅನ್ನುವಲ್ಲಿ ಉಳಿದಿದೆ. ಹಾವು ಬಿಡುವ ಪೊರೆ, ಕಣ್ಣಿಗೆ ಬರುವ ಪೊರೆ ಮಾತ್ರ ಪಕಾರ ಬಿಟ್ಟಿಲ್ಲ. ಇದೇಕೆ ಹೀಗೆ? ಹುಲ್ಲಿನ ಹೊರೆ ತರಬೇಡಿ, ಅದು ಹಳೆಯ ಱ ಇದ್ದ ಬೇರೆ ಪದ.

ಕೊನೆಯದಾಗಿ, ‘ಒತ್ತಡ ಸಂವೇದಿ’ ಅಂತ ವಿಶೇಷಣ ಹಾಕಿ ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಆ ಪ್ರೊಟೀನಿಗೆ ತಿಳಿಯುವುದು ನೀರಿನ ಒತ್ತಡ ಅಲ್ಲ, ಪೊರೆಯ ಎಳೆತ. ಅದನ್ನು ಬ್ಯಾಕ್ಟೀರಿಯಾದಿಂದ ಬಿಡಿಸಿ, ಬರೀ ಕೊಬ್ಬಿನ ಪೊರೆಯಲ್ಲಿ ಕೂರಿಸಿ ಎಳೆದರೂ ತೆರೆಯುತ್ತದೆ. ‘ಎಳೆತಕ್ಕೆ ತೆರೆಯುವ’ ಅಂದರೆ ಸಾಲದೇ? ಉದ್ದ ಆಯಿತು, ನಿಜ.

ಉತ್ತರ ಕನ್ನಡದವರಿಗೆ ಒಂದು ಪ್ರಶ್ನೆ. ಕುಮಟಾ ಕಡೆ ಗಜನಿ ಗದ್ದೆಗಳಲ್ಲಿ ಉಪ್ಪುನೀರು, ಸಿಹಿನೀರು ಎರಡನ್ನೂ ಬಾಗಿಲು ಹಾಕಿ ತೆಗೆದು ನೋಡಿಕೊಳ್ಳುತ್ತಾರಲ್ಲ, ಆ ಬಾಗಿಲಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಪುಸ್ತಕದ ಪದ ಬೇಡ, ಅಜ್ಜ ಕೂಗಿ ಹೇಳುವಾಗ ಬರುವ ಪದ ಬೇಕು. ಲೇಖನ ಕಳಿಸಲು ಇನ್ನೂ ಹತ್ತು ದಿನ ಇದೆ.