ವೈದ್ಯಕೀಯ ನೆರವಿನ ಸಾವಿನ ಕಾನೂನನ್ನು ಧರ್ಮಶ್ರದ್ಧೆಯುಳ್ಳವರು ಬೆಂಬಲಿಸುವುದು ಹೇಗೆ?

ಪ್ರಶ್ನೆ

ಜೀವ ದೇವರು ಕೊಟ್ಟದ್ದು, ಅದನ್ನು ಹಿಂದಕ್ಕೆ ಪಡೆಯುವವನೂ ಅವನೇ ಎಂಬ ನಂಬಿಕೆ ಹಲವು ಧರ್ಮಗಳಲ್ಲಿದೆ. ಹೀಗಿರುವಾಗ, ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರಿಗೆ ವೈದ್ಯರ ನೆರವಿನಿಂದ ಸಾಯಲು ಕಾನೂನು ಅವಕಾಶ ಕೊಡಬೇಕೆಂದು ಅಮೆರಿಕ, ಬ್ರಿಟನ್ನುಗಳಲ್ಲಿ ಕೆಲವು ಧರ್ಮಗುರುಗಳೂ ಸಮುದಾಯಗಳೂ ಒತ್ತಾಯಿಸುತ್ತಿರುವುದು ನನಗೆ ಗೊಂದಲ ತಂದಿದೆ. ಅವರು ಮೂಲತತ್ತ್ವವನ್ನೇ ಬಿಟ್ಟುಕೊಟ್ಟಿದ್ದಾರೆಯೇ, ಅಥವಾ ಧರ್ಮದೊಳಗಿನಿಂದಲೇ ಈ ನಿಲುವಿಗೆ ಬಂದಿದ್ದಾರೆಯೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ಒಳಗಿನಿಂದಲೇ ಬಂದಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಉದಾರವಾದಿ ಧಾರ್ಮಿಕ ಸಮುದಾಯವಾದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಸಂಘವು 1988ರಲ್ಲಿಯೇ, ಅಂದರೆ ಆರೆಗಾನ್ ರಾಜ್ಯದ ಮತದಾರರು 1994ರಲ್ಲಿ ಇಂತಹ ಕಾನೂನಿಗೆ ಒಪ್ಪಿಗೆ ಕೊಡುವ ಮೊದಲೇ, ಘನತೆಯಿಂದ ಸಾಯುವ ಹಕ್ಕನ್ನು ಬೆಂಬಲಿಸಿ ನಿರ್ಣಯ ಅಂಗೀಕರಿಸಿತ್ತು; ಪ್ರತಿ ವ್ಯಕ್ತಿಯ ಘನತೆಯನ್ನು ತತ್ತ್ವವಾಗಿ ಸಾರುವ ಸಮುದಾಯಕ್ಕೆ ಅದು ಸಹಜವೇ ಆಗಿತ್ತೆನ್ನಬಹುದು. ಹೆಚ್ಚು ಕುತೂಹಲಕರವಾದದ್ದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಹಿರಿಯ ಧರ್ಮಗುರುವಾಗಿದ್ದ ಕ್ಯಾಂಟರ್‌ಬರಿಯ ಮಾಜಿ ಆರ್ಚ್‌ಬಿಷಪ್ ಜಾರ್ಜ್ ಕೇರಿಯವರ ನಡೆ. ಮೊದಲು ಇಂತಹ ಮಸೂದೆಯನ್ನು ವಿರೋಧಿಸಿದ್ದ ಅವರು, ಕಣ್ಣೆದುರಿನ ನರಳಾಟಕ್ಕಿಂತ ಸಿದ್ಧಾಂತವನ್ನೇ ಮುಂದಿಡುವುದು ಕ್ರೈಸ್ತ ಕರುಣೆಗೆ ಹೊಂದುವುದಿಲ್ಲವೆಂಬ ನೆಲೆಯಿಂದ 2014ರಲ್ಲಿ ನಿಲುವು ಬದಲಿಸಿದರು. ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಧರ್ಮಗುರು ಡೆಸ್ಮಂಡ್ ಟುಟು ಅವರು 2016ರಲ್ಲಿ, ತಮ್ಮ 85ನೆಯ ಹುಟ್ಟುಹಬ್ಬದ ಹೊತ್ತಿಗೆ, ತಮಗೂ ಆ ಆಯ್ಕೆ ಇರಬೇಕೆಂದು ಬರೆದರು. ಇವರಿಬ್ಬರ ಪ್ರಕಾರ ಜೀವ ಪವಿತ್ರವೇ. ಆದರೆ ಸಾಯುವ ಪ್ರಕ್ರಿಯೆಯನ್ನು ಎಳೆಯುತ್ತ ಹೋಗುವುದರಿಂದ ಆ ಪಾವಿತ್ರ್ಯ ಹೆಚ್ಚುವುದಿಲ್ಲ.

ಉತ್ತರ 2

ಕರುಣೆಯ ವಾದವನ್ನು ಗೌರವಿಸುತ್ತೇನೆ, ಆದರೆ ಅದಕ್ಕೆ ಒಂದು ತೊಡಕಿದೆ. ಆರೆಗಾನ್ ರಾಜ್ಯದ ವಾರ್ಷಿಕ ವರದಿಗಳಲ್ಲಿ ರೋಗಿಗಳು ಹೇಳಿಕೊಂಡ ಕಾರಣಗಳ ಪೈಕಿ ಮುಂದಿರುವುದು ನೋವಲ್ಲ. ಸ್ವಾತಂತ್ರ್ಯ ಕಳೆದುಕೊಳ್ಳುವುದು, ಬದುಕಿಗೆ ಸಂತೋಷ ಕೊಡುತ್ತಿದ್ದ ಚಟುವಟಿಕೆಗಳು ಕೈತಪ್ಪುವುದು. ನೋವಿನ ವಿಷಯದಲ್ಲಿ ಕ್ಯಾಥೋಲಿಕ್ ಚರ್ಚು ಜನ ಭಾವಿಸುವಷ್ಟು ಕಠಿಣವಾಗಿಲ್ಲ: ನೋವು ಶಮನಕ್ಕೆ ಕೊಡುವ ಔಷಧಿಯಿಂದ ಆಯುಷ್ಯ ಕಡಿಮೆಯಾಗಬಹುದಾದರೂ, ಸಾವು ಅದರ ಉದ್ದೇಶವಲ್ಲದಿದ್ದರೆ ಅದನ್ನು ಕೊಡಬಹುದೆಂದು ಹನ್ನೆರಡನೆಯ ಪಯಸ್ ಪೋಪರು 1957ರಲ್ಲಿಯೇ ಹೇಳಿದ್ದರು. ಪರಾವಲಂಬನೆಯ ಭಯಕ್ಕೆ ಧರ್ಮ ಸಮುದಾಯಗಳು ಕೊಡಬೇಕಾದ ಮೊದಲ ಉತ್ತರ ಆರೈಕೆಯಲ್ಲವೇ? ತಾನು ಮನೆಯವರಿಗೆ ಹೊರೆ ಎಂದುಕೊಂಡ ವೃದ್ಧರ ಪಾಲಿಗೆ ಆಯ್ಕೆ ಎಂಬುದು ಒತ್ತಡವಾಗಬಲ್ಲದು.

ಉತ್ತರ 3

ಹೊರೆಯ ಮಾತು ನಿಜ. ಅದನ್ನು ಬೆಂಬಲಿಗರು ಸುಲಭವಾಗಿ ದಾಟಿಹೋಗುವುದು ನನಗೂ ಸರಿಕಾಣುವುದಿಲ್ಲ. ಆದರೂ ಅವರ ಬೇಡಿಕೆಯ ಗಡಿಯನ್ನು ಗಮನಿಸಬೇಕು. ಆರೆಗಾನ್ ಕಾನೂನಿನಂತೆ ರೋಗಿ ವಯಸ್ಕನಾಗಿರಬೇಕು, ಸ್ವತಃ ನಿರ್ಧರಿಸುವ ಸಾಮರ್ಥ್ಯ ಉಳ್ಳವನಾಗಿರಬೇಕು, 6 ತಿಂಗಳೊಳಗೆ ಸಾವು ಬರಬಹುದೆಂದು ಇಬ್ಬರು ವೈದ್ಯರು ದೃಢಪಡಿಸಬೇಕು, ಔಷಧಿಯನ್ನು ರೋಗಿಯೇ ಸೇವಿಸಬೇಕು. ಒಪ್ಪದ ವೈದ್ಯರು ಭಾಗವಹಿಸಬೇಕಾಗಿಲ್ಲ. ಇದು ಒಬ್ಬರ ಧರ್ಮದ ನಿಷೇಧವನ್ನು ಮತ್ತೊಬ್ಬರ ಮೇಲೆ ಕಾನೂನಾಗಿ ಹೇರಬಾರದೆಂಬ ವಾದ. ಎಲ್ಲ ಭಕ್ತರೂ ಹೀಗೆಯೇ ಸಾಯಲಿ ಎಂಬುದಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ಭೇದ ಕಾಣುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಕಾನೂನನ್ನು ಬೆಂಬಲಿಸುವ ಪಾದ್ರಿ ಕೊನೆಯ ಕ್ಷಣದವರೆಗೂ ಜೊತೆಗಿದ್ದು ಪ್ರಾರ್ಥಿಸಬಹುದು. ಆದರೆ 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರದ ಪ್ರಕಾರ, ಸಮ್ಮತಿಯೆಂಬ ಅರ್ಥ ಬರುವಂತೆ ಧರ್ಮಗುರುಗಳು ಅಲ್ಲಿಯವರೆಗೆ ಉಳಿಯಬಾರದು. ಇದೇ ಅಂಶದ ಕುರಿತು ಉತ್ತರ 2 ಬರೆದವರ ಅಭಿಪ್ರಾಯ ತಿಳಿಯಲು ಇಚ್ಛಿಸುತ್ತೇನೆ.