ಕರಡಿ, ಚಿರತೆ ಓಡಾಡೋ ಗುಡ್ಡದ ಬುಡಕ್ಕೆ ಯಾವ ನಾಯಿ ತರಬೇಕು?

ಕೇಳಿದವರು, ಗಂಗಾವತಿ ತಾಲೂಕು:
ಆನೆಗೊಂದಿ ಕಡೆ ಗುಡ್ಡಕ್ಕೆ ಹತ್ತಿದ ಹೊಲ, ಅಲ್ಲೇ ಮನೆ. ಎರಡು ಎಮ್ಮೆ, ಇಪ್ಪತ್ತೈದು ಕುರಿ, ಸಣ್ಣ ಮಕ್ಕಳು ಇಬ್ಬರು. ಶೇಂಗಾ ಕಾಯಿ ಬಲಿಯೋ ಹೊತ್ತಿಗೆ ಕರಡಿ ಇಳೀತಾವೆ, ಚಿರತೆ ಹೆಜ್ಜೆ ಆಗಾಗ ಕಾಣ್ತದೆ. ಈಗ ನಾಯಿ ಇಲ್ಲ. ಒಬ್ರು ರಾಟ್‌ವೀಲರ್ ತಗೋ ಅಂತಾರೆ, ಇನ್ನೊಬ್ರು ಮುಧೋಳ ಅಂತಾರೆ. ಕರಡಿ ಹೊಡೆದೋಡಿಸುವಂಥದ್ದು ಬೇಕು. ತಿಳಿದವರು ಹೇಳ್ರಿ.

ಸಂಡೂರು, ನಾಯಿ ತರಬೇತಿ:
ಅಣ್ಣಾ, ಕರಡಿ ಹೊಡೆದೋಡಿಸೋ ನಾಯಿ ಅನ್ನೋ ಆಸೆನೇ ಮೊದಲು ಬಿಡ್ರಿ. ಬೆಳೆದ ಗಂಡು ಕರಡಿ ನೂರು ಕಿಲೋ ದಾಟ್ತದೆ. ಮುಧೋಳ ಇಪ್ಪತ್ತೈದು ಕಿಲೋ ಆಸುಪಾಸು, ರಾಟ್‌ವೀಲರ್ ಅಂದ್ರೂ ಐವತ್ತು. ಕಾದಾಟಕ್ಕೆ ಯಾವ ನಾಯಿಯೂ ಸಾಟಿ ಅಲ್ಲ. ನಿಮಗೆ ಬೇಕಾಗಿರೋ ನಾಯಿಗೆ ಎರಡೇ ಕೆಲಸ: ದೂರದಿಂದಲೇ ಬೊಗಳಿ ಸುದ್ದಿ ಕೊಡಬೇಕು, ಕರೆದ ಕೂಡಲೇ ನಿಮ್ಮ ಕಡೆ ತಿರುಗಬೇಕು. ಎರಡನೇದು ಇಲ್ಲದಿದ್ರೆ ಮೊದಲನೇದರಿಂದ ಕೇಡೇ ಜಾಸ್ತಿ. ಕಟ್ಟಿಲ್ಲದ ನಾಯಿ ಪೊದೆಗೆ ನುಗ್ತದೆ, ಕರಡಿಯನ್ನ ಕೆಣಕ್ತದೆ, ಕರಡಿ ತಿರುಗಿ ಬಿದ್ದಾಗ ಯಜಮಾನನ ಕಾಲ ಬುಡಕ್ಕೇ ಓಡಿ ಬರ್ತದೆ. ಬೆನ್ನ ಹಿಂದೆ ಕರಡಿ. ಏಟು ಬೀಳೋದು ಮನುಷ್ಯನಿಗೆ.

ಚಿರತೆ ಲೆಕ್ಕ ಬೇರೆ. ಅದಕ್ಕೆ ನಾಯಿ ಅಂದ್ರೆ ಊಟ. ಮಹಾರಾಷ್ಟ್ರದ ಅಕೋಲೆ ಕಡೆ ಚಿರತೆ ಹಿಕ್ಕೆ ಪರೀಕ್ಷೆ ಮಾಡಿದಾಗ, ತಿಂದ ಪ್ರಾಣಿಗಳ ಪೈಕಿ ತೂಕದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕು ನಾಯಿದೇ ಇತ್ತು. ಅದಕ್ಕೇ ತಳಿ ಯಾವುದು ಅನ್ನೋಕ್ಕಿಂತ ರಾತ್ರಿ ನಾಯಿ ಎಲ್ಲಿ ಮಲಗ್ತದೆ ಅನ್ನೋದು ಮೊದಲು ಇತ್ಯರ್ಥ ಆಗಲಿ.

ಇನ್ನು ತಳಿ. ಮುಧೋಳ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಅದು ಕಣ್ಣಿಗೆ ಕಂಡದ್ದನ್ನ ಅಟ್ಟಿಸಿಕೊಂಡು ಹೋಗೋ ನಾಯಿ. ಮೊಲ, ಹಂದಿ ಎದ್ದರೆ ಎರಡು ಹೊಲ ದಾಟಿ ಒಂದೇ ಹೋಗಿಬಿಡ್ತದೆ, ಆಗ ಕರೆದ್ರೂ ಕೇಳೋದಿಲ್ಲ. ಚರ್ಮ ತೆಳು, ಹಂದಿ ಕೋರೆಗೆ ಸಲೀಸಾಗಿ ಸೀಳ್ತದೆ. ಬೊಗಳೋದೂ ಕಮ್ಮಿ. ಬಯಲು ಸೀಮೆಯ ಬೇಲಿ ಹಾಕಿದ ತೋಟಕ್ಕೆ ಸರಿ, ಗುಡ್ಡದ ಬುಡಕ್ಕೆ ನನ್ನ ಮಟ್ಟಿಗೆ ಬೇಡ. ತಗೊಳ್ಳೋದೇ ಆದ್ರೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಐತಿ, ಅಲ್ಲಿ ವಿಚಾರಿಸ್ರಿ. ಸಂತೆಯಲ್ಲಿ ಮುಧೋಳ ಅಂತ ಮಾರೋದೆಲ್ಲ ಮುಧೋಳ ಅಲ್ಲ.

ರಾಟ್‌ವೀಲರ್ ಹಿಂದಕ್ಕೆ ಸರಿಯೋ ಜಾತಿ ಅಲ್ಲ, ನಿಂತು ಕಾದಾಡ್ತದೆ, ಅದೇ ಅದರ ತೊಂದರೆ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಏದುಸಿರು ಬಿಡೋದರಲ್ಲೇ ಅದರ ಶಕ್ತಿ ಮುಗೀತದೆ. ಜರ್ಮನ್ ಶೆಫರ್ಡ್ ಬುದ್ಧಿವಂತ, ಆದರೆ ಎರಡು ಪದರದ ಕೂದಲು, ಉಣ್ಣೆಹುಳಕ್ಕೆ ಹಬ್ಬ. ಟರ್ಕಿಯ ಕಾಂಗಾಲ್ ಕುರಿ ಕಾಯೋಕೆ ಹೆಸರಾದದ್ದೇ, ತೋಳ ಕರಡಿ ಎದುರು ನಿಲ್ತದೆ. ಆದರೆ ಐವತ್ತು ಕಿಲೋ ಮೇಲಿನ ನಾಯಿಗೆ ದಿನಾ ಹಾಕೋ ಊಟದ ಖರ್ಚು ಲೆಕ್ಕ ಹಾಕ್ರಿ, ಸಣ್ಣ ಮಕ್ಕಳಿರೋ ಮನೆ ಅನ್ನೋದನ್ನೂ ನೆನಪಿಡ್ರಿ.

ನನ್ನ ಸಲಹೆ: ನಾಟಿ ನಾಯಿ. ಹೆಣ್ಣು, 15ರಿಂದ 20 ಕಿಲೋ ಬೆಳೆಯುವಂಥದ್ದು, ಗುಡ್ಡದ ಬುಡದ ಹೊಲಮನೆಯಲ್ಲೇ ಇರೋ ತಾಯಿಯ ಮರಿ.

ಕುಷ್ಟಗಿ, ಕುರಿ ಸಾಕಣೆ:
ಅವರು ಹೇಳಿದ್ದು ಖರೆ. ಆದ್ರ ಮರಿ ನೋಡೂದಕ್ಕಿಂತ ಮೊದ್ಲು ತಾಯಿ ನೋಡ್ರಿ. ಹೊಸಬರು ಹೋದ್ರ ತಾಯಿ ನಿಂತ ಜಾಗದಾಗ ನಿಂತು ಬೊಗಳಬೇಕು, ಮಾಲಕ ಸುಮ್ಮನಿರು ಅಂದ್ರ ಸುಮ್ಮನಾಗಬೇಕು. ಮೈಮ್ಯಾಲೆ ಬರೂದೂ ಬ್ಯಾಡ, ಮಂಚದ ಕೆಳಗ ಹೊಗೂದೂ ಬ್ಯಾಡ.

ಮರಿಗೆ ಏಳೆಂಟು ವಾರ ಆದಾಗ ಹೋಗ್ರಿ. ಐದಾರು ಅಡಿ ದೂರದಾಗ ಒಂದು ಸ್ಟೀಲ್ ತಾಟು ಬೀಳಸ್ರಿ. ಬೆಚ್ಚಿ ಹಿಂದ ಸರದು, ಅರ್ಧ ನಿಮಿಷದಾಗ ಬಂದು ತಾಟು ಮೂಸೂ ಮರಿ ಒಳ್ಳೇದು. ಬೆಚ್ಚದ ತಾಟಿಗೆ ಬಾಯಿ ಹಾಕೂದು ಮುಂದ ಕರಡಿಗೂ ಹಂಗ ಹೋಗ್ತೈತಿ. ಮೂಲ್ಯಾಗ ಕುಂತು ನಡುಗೂದು ರಾತ್ರಿ ಬೊಗಳಂಗಿಲ್ಲ.

ತಂದ ದಿನದಿಂದ ಮರಿಗೆ ಹದಿನಾರು ವಾರ ವಯಸ್ಸು ಆಗೂತನ ಕುರಿ ದೊಡ್ಡ್ಯಾಗ ಒಂದು ಮೂಲಿಗೆ ಜಾಳಿಗಿ ಕಟ್ಟಿ ಮಲಗಸ್ರಿ. ಕುರಿ ವಾಸನಿ ಮೂಗಿಗೆ ಕೂಡೂ ವಯಸ್ಸು ಅದು, ಆಮ್ಯಾಲೆ ಎಷ್ಟು ತಿಣುಕಿದ್ರೂ ಕೂಡಂಗಿಲ್ಲ. ಆರು ತಿಂಗಳಿಂದ ಒಂದು ವರ್ಷದ ನಡುವ ಮರಿ ಆಟಕ್ಕ ಕುರಿಮರಿ ಕಿವಿ ಜಗ್ಗತೈತಿ, ಬೆನ್ನು ಹತ್ತತೈತಿ. ಹೊಡೀಬ್ಯಾಡ್ರಿ. ಬಯಲಿಗೆ ಬಿಟ್ಟಾಗ ಕೊರಳಿಗೆ ಒಂದು ಮೊಳದ ಕಟಿಗಿ ತುಂಡು ಅಡ್ಡ ತೂಗುಹಾಕ್ರಿ, ಮುಂಗಾಲಿಗೆ ತಾಗಬೇಕು. ನಡೀಲಿಕ್ಕೆ ಬರ್ತೈತಿ, ಓಡಾಕ ಬರಂಗಿಲ್ಲ.

ಒಂದ ನಾಯಿ ಸಾಲಂಗಿಲ್ಲ, ಎರಡು ಬೇಕು. ಒಂದ ಸೂಲಿನ ಎರಡು ಮರಿ ತರಬ್ಯಾಡ್ರಿ, ಅವು ತಮ್ಮತಮ್ಮೊಳಗ ಆಡ್ಕೋತ ಮಂದಿ ಮಾತು ಕೇಳಂಗಿಲ್ಲ. ಮೊದಲನೇದು ಒಂದೂವರೆ ವರ್ಷ ಆದ ಮ್ಯಾಲೆ ಎರಡನೇದು ತರ್ರಿ. ನಾಕೈದು ಆದ್ರ ಗುಂಪು ಕಟ್ಟಿ ಗುಡ್ಡ ಹತ್ತತಾವ.

ಕೇಳಿದವರು:
ಕೊರಳಿಗೆ ಮುಳ್ಳಿನ ಪಟ್ಟಿ ಹಾಕಿದ್ರೆ ಚಿರತೆ ಬಿಡ್ತದಾ? ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ್ರೆ ಸಾಕಾ?

ಕೊಪ್ಪಳ, ವೆಲ್ಡಿಂಗ್ ಅಂಗಡಿ:
ಸರಪಳಿ ಮಾತ್ರ ಬೇಡ್ರಿ. ಕಟ್ಟಿದ ನಾಯಿಗೆ ಓಡೋಕೂ ಆಗೋದಿಲ್ಲ, ಬಚ್ಚಿಟ್ಟುಕೊಳ್ಳೋಕೂ ಆಗೋದಿಲ್ಲ. ಗೂಡು ಮಾಡಿಸ್ರಿ. ಎರಡು ನಾಯಿಗೆ ಎಂಟು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಎತ್ತರ. ಕೆಳಗಿನ ಮೂರು ಅಡಿ ಇಟ್ಟಿಗೆ ಗೋಡೆ ಇರಲೇಬೇಕು. ಪೂರಾ ಜಾಲರಿ ಮಾಡಿಸೋರು ಇದೊಂದನ್ನೇ ಮರೀತಾರೆ: ನಾಯಿ ಜಾಲರಿಗೆ ಮೈ ಆನಿಸಿ ಮಲಗ್ತದೆ, ಚಿರತೆ ಹೊರಗಿಂದ ಪಂಜ ತೂರಿಸಿ ಎಳೀತದೆ. ಗೋಡೆ ಮೇಲೆ 10 ಗೇಜಿನ ವೆಲ್ಡ್ ಮೆಶ್ (ತಂತಿ ಕೂಡೋ ಕಡೆಯೆಲ್ಲ ಬೆಸೆದ ಜಾಲರಿ), ಕಣ್ಣು ಎರಡು ಇಂಚು ಮೀರಬಾರದು. ಬೇಲಿಗೆ ಹಾಕೋ ಹೆಣಿಗೆ ಜಾಲರಿ ಬೇಡ, ಒಂದು ಎಳೆ ಬಿಚ್ಚಿದ್ರೆ ಪೂರಾ ಬಿಚ್ಚಿಕೊಳ್ತದೆ. ಮೇಲೆ ತಗಡಿನ ಕೆಳಗೂ ಅದೇ ಮೆಶ್ ಹೊದಿಸಿ ಆ್ಯಂಗಲ್‌ಗೆ ನಾಲ್ಕು ಇಂಚಿಗೊಂದು ವೆಲ್ಡ್ ಮಾಡಿಸ್ರಿ. ಚಿರತೆ ತಗಡಿನ ಮೇಲೆ ಹತ್ತಿ ಸಂದು ಹುಡುಕ್ತದೆ. ಬರೀ ತಗಡು ಮಧ್ಯಾಹ್ನ ಹಂಚಿನಂಗೆ ಕಾಯ್ತದೆ, ಮೇಲೆ ಸಜ್ಜೆ ದಂಟೋ ತೆಂಗಿನ ಗರಿಯೋ ಹಾಕ್ರಿ.

ನೆಲಕ್ಕೆ ನಾಲ್ಕು ಇಂಚು ಕಾಂಕ್ರೀಟು. ಸುತ್ತ ಒಂದೂವರೆ ಅಡಿ ಅಗಲಕ್ಕೆ ದಪ್ಪ ಕಲ್ಲು ಹೂಳ್ರಿ, ಕರಡಿ ಹುತ್ತ ಅಗೆದಂಗೆ ಅಗೀತದೆ. ಬಾಗಿಲ ಕೆಳಗಿನ ಸಂದು ಎರಡು ಇಂಚಿಗಿಂತ ಕಮ್ಮಿ ಇರಲಿ. ಮೇಲೊಂದು ಕೆಳಗೊಂದು ಬೋಲ್ಟು. ಗೂಡು ಮನೆ ಗೋಡೆಗೆ ಹತ್ತಿಕೊಂಡಿರಲಿ, ಮೂಲೆ ಹೊಲದಲ್ಲಿ ಬೇಡ. ಬೊಗಳಿದ್ದು ಮಲಗಿದವರಿಗೆ ಕೇಳದಿದ್ರೆ ಏನು ಬಂತು?

ಮುಳ್ಳಿನ ಪಟ್ಟಿ ಮೊದಲ ಹಿಡಿತ ತಪ್ಪಿಸ್ತದೆ, ಅಷ್ಟೇ. ಚಿರತೆ ಕೊರಳಿಗೇ ಬಾಯಿ ಹಾಕೋದರಿಂದ ಅದಕ್ಕೊಂದು ಅರ್ಥ ಐತಿ. ಎರಡು ಪದರ ಚರ್ಮ, ಮೂರು ಇಂಚು ಅಗಲ, ಒಂದು ಇಂಚು ಹೊರಗೆ ಚಾಚಿದ ಮೊಳೆ, ಮೊಳೆಯ ತಲೆ ಎರಡು ಪದರದ ನಡುವೆ ಮುಚ್ಚಿರಬೇಕು. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ಬೆಳಗ್ಗೆ ತೆಗೆದಿಡ್ರಿ. ಹಗಲೂ ಹಾಕಿಬಿಟ್ರೆ ಉಜ್ಜಿದ ಜಾಗ ಹುಣ್ಣಾಗ್ತದೆ, ಬಳ್ಳಾರಿ ಜಾಲಿ ಪೊದೆಯಲ್ಲಿ ಸಿಕ್ಕಿಹಾಕಿಕೊಳ್ತದೆ, ಮಕ್ಕಳ ಕೈಗೆ ಚುಚ್ತದೆ.

ರಾಯಚೂರು, ಪಶುವೈದ್ಯೆ:
ಲಸಿಕೆ ವಿಷಯ ಯಾರೂ ಎತ್ತಲಿಲ್ಲವಲ್ಲ. ಕಾಡುಪ್ರಾಣಿ ಸುಳಿಯುವ ಜಾಗದಲ್ಲಿ ಇದು ಎರಡೂ ಕಡೆಯ ರಕ್ಷಣೆ. ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ರೋಗದ ವೈರಾಣು 2018ರಲ್ಲಿ ಗಿರ್‌ನ ಸಿಂಹಗಳ ಸಾವಿಗೆ ಕಾರಣವಾಗಿತ್ತು. ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೊ (ಮರಿಗಳಿಗೆ ವಾಂತಿ, ಭೇದಿ ತರುವ ವೈರಾಣು ರೋಗ) ಸೇರಿದ ಮೊದಲ ಲಸಿಕೆ. ನಂತರ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವ ತನಕ. ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷಕ್ಕೊಮ್ಮೆ. ಎರಡು ವಾರದ ಮರಿಯಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಜಂತುಹುಳದ ಔಷಧ.

ಹೆಣ್ಣಾಗಲಿ ಗಂಡಾಗಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಬೆದೆಗೆ ಬಂದ ನಾಯಿಯ ಹಿಂದೆ ಊರಿನ ನಾಯಿಗಳೆಲ್ಲ ಬರುತ್ತವೆ, ಆ ಗುಂಪಿನ ಹಿಂದೆ ಚಿರತೆ. ನಿಮ್ಮ ತಾಲೂಕಿನಲ್ಲೇ ಬಂಕಾಪುರ ತೋಳಧಾಮದ ತೋಳಗಳಿವೆ, ನಾಯಿ ಮತ್ತು ತೋಳ ಕೂಡಿ ಮರಿ ಹಾಕುವುದುಂಟು. ಹಾಗಾದರೆ ತೋಳದ ಕುಲವೇ ಕೆಡುತ್ತದೆ.

ಚಿರತೆ ಕಚ್ಚಿದ ಗಾಯ ಹೊರಗೆ ಕಡಲೆ ಕಾಳಿನಷ್ಟು ಕಾಣುತ್ತದೆ, ಒಳಗೆ ಆಳ. ಎರಡು ಮೂರು ದಿನಕ್ಕೆ ಕೀವು ಕಟ್ಟುತ್ತದೆ. ಅರಿಶಿನ, ಸುಟ್ಟ ಎಣ್ಣೆ ಮೆತ್ತಬೇಡಿ, ಬಾಯಿ ಮುಚ್ಚಿಹೋಗಿ ಒಳಗೇ ಕೊಳೆಯುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಹತ್ತು ನಿಮಿಷ ಹರಿಯುವ ನೀರು ಬಿಡಿ. ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಾಕುವ ಕಂದು ಔಷಧ) ಅನ್ನು ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ತೊಳೆಯಿರಿ, ಅದೇ ದಿನ ಡಾಕ್ಟರಿಗೆ ತೋರಿಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ಕೇಳಬಹುದು. ಲಸಿಕೆ ಹಾಕಿದ ನಾಯಿಗೂ ಮತ್ತೆ ರೇಬೀಸ್ ಚುಚ್ಚುಮದ್ದು ಬೇಕು. ಗಾಯಗೊಂಡ ನಾಯಿ ನೋವಿಗೆ ಮನೆಯವರನ್ನೂ ಕಚ್ಚುತ್ತದೆ, ಬಾಯಿಗೆ ಬಟ್ಟೆ ಕಟ್ಟಿಯೇ ಮುಟ್ಟಿ. ಏದುಸಿರು ಬಿಡುತ್ತಿದ್ದರೆ ಮಾತ್ರ ಕಟ್ಟಬೇಡಿ.

ದರೋಜಿ ಭಾಗ, ಅರಣ್ಯ ಕಾವಲು:
ಕರಡಿ, ಚಿರತೆ, ತೋಳ ಮೂರೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ನಾಯಿ ಛೂ ಬಿಟ್ಟು ಅಟ್ಟಿಸೋದೂ ಬೇಟೆ ಅಂತಲೇ ಕೇಸಾಗ್ತದೆ. ಮೊಲಕ್ಕೂ ಹಂದಿಗೂ ಬಿಡಬಾರದು. ಕರಡಿ ಹೊಲಕ್ಕೆ ಬಿದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ತಿಳಿಸ್ರಿ.

ಕರಡಿಗೆ ದೃಷ್ಟಿ ಮಂದ, ಗೆದ್ದಲು ಹೀರೋವಾಗ ತಾನು ಮಾಡೋ ಸದ್ದಿಗೆ ಬೇರೆ ಸದ್ದು ಕೇಳಿಸೋದಿಲ್ಲ. ಎದುರಾಬದುರಾ ಸಿಕ್ಕಾಗಲೇ ಬೀಳೋದು. ನಸುಕಿನಲ್ಲಿ ಹೊಲಕ್ಕೆ ಹೋಗೋವಾಗ ನಾಯಿಯನ್ನ ಆರಡಿ ಹಗ್ಗದಲ್ಲಿ ಹಿಡ್ಕೊಂಡು, ನೀವೇ ಜೋರಾಗಿ ಮಾತಾಡ್ತಾ ನಡೀರಿ. ನಾಯಿ ಕಿವಿ ನಿಮಿರಿಸಿ ನಿಂತ್ರೆ ನೀವೂ ನಿಲ್ರಿ, ಬಂದ ದಾರಿಗೇ ಮೆಲ್ಲಗೆ ತಿರುಗ್ರಿ. ಏನಿದೆ ಅಂತ ನೋಡೋಕೆ ಹೋಗೋದೇ ಅಪಾಯ.

ಸಂಡೂರು, ನಾಯಿ ತರಬೇತಿ:
ಕರೆ ಕಲಿಸೋದು ಹೀಗೆ. ಒಂದೇ ಸದ್ದು ಇರಲಿ, ಸೀಟಿ ಒಳ್ಳೇದು, ಮನೆಯವರೆಲ್ಲ ಒಂದೇ ಥರ ಊದಬಹುದು. ಎಂಟು ವಾರದಿಂದ ಊಟ ಹಾಕೋವಾಗೆಲ್ಲ ಊದ್ರಿ. ನಾಲ್ಕು ತಿಂಗಳಿಗೆ ಇಪ್ಪತ್ತಡಿ ಹಗ್ಗ ಕಟ್ಟಿ ಬಯಲಿಗೆ ಬಿಡ್ರಿ, ಊದ್ರಿ, ಬಂದ್ರೆ ಬೇಯಿಸಿದ ಕೋಳಿ ತುಂಡು. ಬರದಿದ್ರೆ ಹಗ್ಗ ಎಳಕೊಳ್ರಿ, ಬೈಬೇಡ್ರಿ. ಮೊದಲು ಖಾಲಿ ಹೊಲ, ಆಮೇಲೆ ಕುರಿ ಇದ್ದ ಕಡೆ, ಕೊನೆಗೆ ಬೇರೆ ನಾಯಿ ಇದ್ದ ಕಡೆ. ಬೊಗಳ್ತಾ ಇರೋವಾಗ ಊದಿದ್ರೆ ತಿರುಗಿ ಬರ್ತದಾ ಅನ್ನೋದೇ ಪರೀಕ್ಷೆ. ಹತ್ತಕ್ಕೆ ಒಂಬತ್ತು ಸಲ ಬರೋ ತನಕ ಹಗ್ಗ ಬಿಚ್ಚಬೇಡ್ರಿ. ತಡವಾಗಿ ಬಂತು ಅಂತ ಒಂದು ಏಟು ಹಾಕಿದ್ರೋ, ಆರು ತಿಂಗಳ ಕಲಿಕೆ ಹೋಯ್ತು. ಬಂದ್ರೆ ಏಟು ಅಂತ ಅದಕ್ಕೆ ಗೊತ್ತಾಗ್ತದೆ.

ಇನ್ನೊಂದು, ಊಟ ಹೊತ್ತು ಮುಳುಗೋ ಮುಂಚೆ ಹಾಕಿ, ತಿಂದು ಉಳಿದ ರೊಟ್ಟಿ, ಎಲುಬು ತೆಗೆದು ತಟ್ಟೆ ತೊಳೆದಿಡ್ರಿ. ಕುರಿ ಸತ್ರೆ ಗುಡ್ಡದ ಬದಿಗೆ ಎಸೀಬೇಡ್ರಿ, ಆಳವಾಗಿ ಹೂಳ್ರಿ. ಶೇಂಗಾ ಕಿತ್ತ ಮೇಲೆ ಬಳ್ಳಿ ಬಣವೆಯನ್ನ ನಾಯಿ ಗೂಡಿನ ಪಕ್ಕ ಒಟ್ಟಬೇಡ್ರಿ, ಉಳಿದ ಕಾಯಿಗೆ ಕರಡಿ ಅಲ್ಲಿಗೇ ಬರ್ತದೆ.